ಮಿರಜದಲ್ಲಿ ತೋರಿಸಿಕೊಂಡ ರೋಗ, ಊರಿನ ಪರದೆಯ ಮೇಲೆ

ರಾಯಬಾಗ, ಚಿಂಚಲಿ, ಕುಡಚಿ, ಉಗಾರ, ಶೇಡಬಾಳ. ಈ ನಿಲ್ದಾಣಗಳಲ್ಲಿ ಮಿರಜದ ಗಾಡಿ ಹತ್ತುವವರ ಪೈಕಿ ದವಾಖಾನೆಗೆ ಹೊರಟವರನ್ನು ಗುರುತಿಸುವುದು ಕಷ್ಟವಲ್ಲ. ಕೈಯಲ್ಲಿ ಎಕ್ಸ್‌ರೇಯ ಉದ್ದನೆಯ ಲಕೋಟೆ ಇರುತ್ತದೆ, ಇಲ್ಲವೇ ಹಳೆಯ ಕೇಸ್ ಪೇಪರ್, ಲ್ಯಾಬ್ ರಿಪೋರ್ಟು, ಔಷಧದಂಗಡಿಯ ಬಿಲ್ಲು ಎಲ್ಲವನ್ನೂ ಒಟ್ಟಿಗೆ ತುರುಕಿದ ಪ್ಲಾಸ್ಟಿಕ್ ಚೀಲ. ಕಾಗವಾಡದವರು ಬಸ್ಸಿಗೇ ಹೋಗಿಬಿಡುತ್ತಾರೆ. ನಿಪ್ಪಾಣಿಯವರ ದಾರಿ ಕೊಲ್ಲಾಪುರದ ಕಡೆ, ಚಿಕ್ಕೋಡಿಯವರದ್ದು ಅರ್ಧ ಬೆಳಗಾವಿಗೆ, ಅರ್ಧ ಕೊಲ್ಲಾಪುರಕ್ಕೆ. ಕೆನಡಾ ಮೂಲದ ಮಿಷನರಿ ವೈದ್ಯ ವಿಲಿಯಂ ವಾನ್ಲೆಸ್ 1894ರಲ್ಲಿ ಮಿರಜದಲ್ಲಿ ಆಸ್ಪತ್ರೆ ಆರಂಭಿಸಿದ ಮೇಲೆ ಕೃಷ್ಣೆಯ ಈ ದಂಡೆಯ ರೋಗಿಗಳಿಗೆ ಆ ಊರು ಹೆಸರಾಂತ ಔಷಧದ ಊರಾಯಿತು. ಅಜ್ಜನ ಕಾಲದ ಹರ್ನಿಯಾ, ಅಪ್ಪನ ಕಾಲದ ಕಲ್ಲು, ಮಗಳ ಹೆರಿಗೆ ಎಲ್ಲವೂ ಮಿರಜದಲ್ಲೇ ಆಗಿರುವ ಮನೆತನಗಳು ಅಥಣಿ, ಕಾಗವಾಡದ ಸುತ್ತ ಎಷ್ಟೋ ಇವೆ.

ಒಳ್ಳೆಯ ಡಾಕ್ಟರು ಸಿಗುತ್ತಾರೆ ಎಂಬುದು ಹೀಗೆ ಹೋಗುವುದಕ್ಕೆ ಒಂದು ಕಾರಣ. ಇನ್ನೊಂದು ಕಾರಣವನ್ನು ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. ಅಲ್ಲಿ ಚೀಟಿ ಮಾಡಿಸುವ ಕಿಟಕಿಯಲ್ಲಿ ಕುಳಿತವರು "ಯಾವ ಊರ ನೀವು? ಯಾರ ಪೈಕಿ?" ಎಂದು ಕೇಳುವುದಿಲ್ಲ. ನಮ್ಮ ಕಡೆ ಆ ಪ್ರಶ್ನೆ ಬಾರದ ಕೌಂಟರೇ ಇಲ್ಲ. ಕೇಳುವವರಿಗೆ ಕೆಟ್ಟ ಮನಸ್ಸೇನೂ ಇರುವುದಿಲ್ಲ, ಅದು ಮಾತಾಡಿಸುವ ರೀತಿ. "ಹಂಗಾರ ನೀವು ನಮ್ಮ ಕಾಕಾರ ಬೀಗರಾಗಬೇಕಲ್ಲ" ಎಂದು ಸಂಬಂಧ ಬೆಸೆದುಕೊಂಡರೆ ಸರದಿಯಲ್ಲಿ ಎರಡು ಹೆಜ್ಜೆ ಮುಂದೆಯೂ ಹೋಗಬಹುದು. ಆದರೆ ಬಂದಿರುವುದು ಬಿಳಿ ಸೆರಗಿಗೋ, ಗರ್ಭ ತೆಗೆಸುವುದಕ್ಕೋ, ಎಚ್‌ಐವಿ ಪರೀಕ್ಷೆಗೋ, ಮಗನ ಕುಡಿತ ಬಿಡಿಸುವುದಕ್ಕೋ, ಮದುವೆಗೆ ಬಂದ ಮಗಳ ಫಿಟ್ಸಿಗೋ ಆಗಿದ್ದರೆ ಆ ಬೀಗತನವೇ ಉರುಳಾಗುತ್ತದೆ. ಆಗ ಗಾಡಿ ಹತ್ತಿ ಹೋಗುವುದೇ ವಾಸಿ.

ಅಂದರೆ ಬೆಳಗಾವಿ ಜಿಲ್ಲೆಯ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಈ ಐದು ತಾಲ್ಲೂಕುಗಳಲ್ಲಿ ರೋಗಿಯ ಗುಟ್ಟನ್ನು ಇಷ್ಟು ವರ್ಷ ಕಾಪಾಡಿದ್ದು ಕಾನೂನಿಗಿಂತ ಹೆಚ್ಚಾಗಿ ದೂರ. ಕಡತ ಮಿರಜದಲ್ಲಿ, ಜನ ಇಲ್ಲಿ. ಕಡತಕ್ಕೆ ಕನ್ನಡ ಬಾರದು, ಊರಿಗೆ ಆ ಕಡತ ಸಿಗದು. ಈಗ ಆಸ್ಪತ್ರೆಯ ದಾಖಲೆ ಕಂಪ್ಯೂಟರಿಗೆ ಏರುತ್ತಿದೆ. ದಾಖಲೆಯನ್ನು ರೋಗಿ ಎಲ್ಲಿದ್ದರೆ ಅಲ್ಲಿಗೆ ತರುವುದೇ ಆ ಏರ್ಪಾಡಿನ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ದೂರ ಮಾಡುತ್ತಿದ್ದ ಕೆಲಸವನ್ನು ಇನ್ನು ಮುಂದೆ ಯಾರು ಮಾಡಬೇಕು? ಸಾಫ್ಟ್‌ವೇರ್, ಅದನ್ನು ನಡೆಸುವ ಆಸ್ಪತ್ರೆ ಮತ್ತು ಕಾನೂನು ಸೇರಿ ಮಾಡಬೇಕು. ಮಾಡುತ್ತಿವೆಯೇ ಎಂಬುದು ಈ ಲೇಖನದ ಪ್ರಶ್ನೆ.

ಹದಿನಾಲ್ಕು ಅಂಕಿ

ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಶುರುವಾದದ್ದು 2021ರ ಸೆಪ್ಟೆಂಬರ್ 27ರಂದು. ಅದರಡಿ ಪ್ರತಿಯೊಬ್ಬರಿಗೂ 14 ಅಂಕಿಯ 'ಆಭಾ' ಸಂಖ್ಯೆ. ಸರಕಾರಿ ಆಸ್ಪತ್ರೆಯ ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ವಯಸ್ಸು, ವಿಳಾಸ ತಾನಾಗಿ ಕೌಂಟರಿಗೆ ಹೋಗಿ ಟೋಕನ್ ಬರುತ್ತದೆ. ಸರದಿ ನಿಲ್ಲುವುದು ತಪ್ಪುತ್ತದೆ. ಬೆಳಗಾವಿಯಲ್ಲಿ ಮಾಡಿಸಿದ ರಕ್ತಪರೀಕ್ಷೆಯನ್ನು ಅಥಣಿಯ ಡಾಕ್ಟರು ನೋಡಬಹುದು, ಮತ್ತೆ ದುಡ್ಡು ಕೊಟ್ಟು ಅದೇ ಪರೀಕ್ಷೆ ಮಾಡಿಸಬೇಕಿಲ್ಲ. ಕಬ್ಬು ಕಡಿಯಲು ಊರೂರು ತಿರುಗುವ ಕುಟುಂಬಕ್ಕೆ, ಪ್ರತಿ ತಿಂಗಳೂ ಬೇರೆ ತಾಲ್ಲೂಕಿನಲ್ಲಿರುವ ಬಸುರಿಗೆ ಇದು ಜೀವ ಉಳಿಸುವಂಥ ಅನುಕೂಲ. ಕಳೆದುಹೋದ ತಾಯಿ ಕಾರ್ಡಿನಿಂದ ಹೆರಿಗೆ ಕೋಣೆಯಲ್ಲಿ ಎಂಥ ಪೇಚಾಟವಾಗುತ್ತದೆ ಎಂದು ಯಾವ ಸಿಸ್ಟರನ್ನು ಕೇಳಿದರೂ ಹೇಳುತ್ತಾರೆ.

ಈ ಏರ್ಪಾಡಿನ ವಿನ್ಯಾಸದಲ್ಲಿ ಜಾಣತನವಿದೆ, ಅದನ್ನು ಒಪ್ಪಬೇಕು. ಎಲ್ಲರ ದಾಖಲೆ ದೆಹಲಿಯ ಒಂದೇ ಗೋದಾಮಿಗೆ ಹೋಗುವುದಿಲ್ಲ. ಎಲ್ಲಿ ಹುಟ್ಟಿತೋ ಅದೇ ಆಸ್ಪತ್ರೆಯಲ್ಲಿ ಉಳಿಯುತ್ತದೆ. ಬೇರೆ ಆಸ್ಪತ್ರೆ ನೋಡಬೇಕೆಂದರೆ ರೋಗಿ ಒಪ್ಪಿಗೆ ಕೊಡಬೇಕು. ಯಾವ ಬಗೆಯ ದಾಖಲೆ, ಯಾವ ಅವಧಿಯದ್ದು, ಎಷ್ಟು ದಿನದ ಮಟ್ಟಿಗೆ ಎಂದು ರೋಗಿಯೇ ಗೆರೆ ಎಳೆಯಬಹುದು, ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಲೂಬಹುದು. ಆಭಾ ಮಾಡಿಸಿಕೊಳ್ಳುವುದು ಕಡ್ಡಾಯವೂ ಅಲ್ಲ.

ಕಾಗದದ ಮೇಲೆ ಇಷ್ಟು ಚೆನ್ನಾಗಿರುವ ಒಪ್ಪಿಗೆ ಒಂದು ಮೊಬೈಲಿನ ಮೂಲಕ ಬರಬೇಕು. ಆ ಮೊಬೈಲು ಯಾರದು? ರಾಯಬಾಗದ ಹತ್ತಿರದ ಒಂದು ಹಳ್ಳಿಯ ಮನೆ ಅಂದುಕೊಳ್ಳಿ. ಮನೆಗೆ ಒಂದೇ ಸ್ಮಾರ್ಟ್‌ಫೋನು, ಅದು ಮಗನ ಜೇಬಿನಲ್ಲಿ. ಅತ್ತೆ, ಸೊಸೆ, ಮಾವ ಎಲ್ಲರ ಆಭಾಕ್ಕೂ ಅದೇ ನಂಬರು ಕೊಟ್ಟಿರುತ್ತಾರೆ. ಸೊಸೆ ದವಾಖಾನೆಯ ಕಿಟಕಿಯ ಮುಂದೆ ನಿಂತಿದ್ದಾಳೆ. "ಓಟಿಪಿ ಬಂದೇತಿ ನೋಡ್ರಿ, ಹೇಳ್ರಿ" ಎನ್ನುತ್ತಾರೆ ಒಳಗಿನವರು. ಓಟಿಪಿ ಬಂದದ್ದು ಹೊಲದಲ್ಲಿರುವ ಗಂಡನಿಗೆ. ಅವಳು ಯಾರದೋ ಫೋನು ಇಸಿದುಕೊಂಡು ಗಂಡನಿಗೆ ಹಚ್ಚಿ, ಆರು ಅಂಕಿ ಕೇಳಿ, ಕಿಟಕಿಯೊಳಗೆ ಕೂಗಿ ಹೇಳುತ್ತಾಳೆ. ಅವಳು ಇಂದು ಈ ಹೊತ್ತಿಗೆ ದವಾಖಾನೆಯಲ್ಲಿದ್ದಾಳೆ ಎಂಬುದು ಅಲ್ಲಿಗೆ ಜಾಹೀರಾಯಿತು. ಸಂಜೆ "ರಿಪೋರ್ಟ್ ಸಿದ್ಧವಾಗಿದೆ" ಎಂಬ ಸಂದೇಶ ಬರುವುದೂ ಅದೇ ಫೋನಿಗೆ. ಗೂಢಲಿಪಿ ಎಷ್ಟೇ ಬಲವಾಗಿರಲಿ, ಕಾನೂನಿನ ಭಾಷೆ ಎಷ್ಟೇ ಸ್ಪಷ್ಟವಾಗಿರಲಿ, ಒಪ್ಪಿಗೆ ಕೊಟ್ಟದ್ದು ಆಕೆಯಲ್ಲ, ಆಕೆಯ ಗಂಡನ ಫೋನು.

'ಗುಪ್ತ' ಎಂದು ಬರೆದ ಲಕೋಟೆ

ಕಾಗದದ ಕಾಲದಲ್ಲಿ ಗುಟ್ಟಿನ ಕಾಳಜಿ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ಅವರಿಗೆ ಗರ್ಭಪಾತ ಕಾನೂನಿನ ನಿಯಮಾವಳಿಯನ್ನು ತೋರಿಸಬೇಕು. ವೈದ್ಯಕೀಯ ಗರ್ಭಪಾತ ಕಾಯ್ದೆ ಬಂದದ್ದು 1971ರಲ್ಲಿ. ಅದರ ನಿಯಮಾವಳಿ ಹೇಳುವುದಿಷ್ಟು: ಹೆಂಗಸಿನ ಒಪ್ಪಿಗೆ ಪತ್ರವನ್ನೂ ವೈದ್ಯರ ಅಭಿಪ್ರಾಯವನ್ನೂ ಒಂದು ಲಕೋಟೆಯಲ್ಲಿಟ್ಟು ಮುದ್ರೆ ಹಾಕಬೇಕು. ಲಕೋಟೆಯ ಮೇಲೆ ಆಕೆಯ ಹೆಸರು ಬರೆಯುವಂತಿಲ್ಲ, ದಾಖಲಾತಿ ಪುಸ್ತಕದ ಕ್ರಮಸಂಖ್ಯೆ ಮತ್ತು ವೈದ್ಯರ ಹೆಸರು ಮಾತ್ರ ಇರಬೇಕು. ಮೇಲೆ 'ಗುಪ್ತ' ಎಂದು ಗುರುತು ಹಾಕಿ ಆಸ್ಪತ್ರೆಯ ಮುಖ್ಯಸ್ಥರ ಸುಪರ್ದಿಯಲ್ಲಿಡಬೇಕು. ಆಕೆಯ ಹೆಸರು ಇರಬಹುದಾದ ಜಾಗ ಒಂದೇ, ಆ ದಾಖಲಾತಿ ಪುಸ್ತಕ. ಅದನ್ನು ಕಂಡಕಂಡವರು ತೆರೆಯುವಂತಿಲ್ಲ. ಕೇಸ್ ಶೀಟು, ಶಸ್ತ್ರಕ್ರಿಯೆಯ ರಿಜಿಸ್ಟರು, ಮುಂದಿನ ತಪಾಸಣೆಯ ಕಾರ್ಡು ಎಲ್ಲೆಲ್ಲೂ ಆಕೆ ಬರೀ ಒಂದು ಸಂಖ್ಯೆ. ಪ್ರತಿ ವರ್ಷ ಕ್ರಮಸಂಖ್ಯೆ ಹೊಸದಾಗಿ ಶುರು, ಸಂಖ್ಯೆಯ ಮುಂದೆ ಇಸವಿ.

ಅರ್ಧ ಶತಮಾನದ ಹಿಂದೆ ಇದನ್ನು ಬರೆದವರಿಗೆ ತಾಲ್ಲೂಕು ದವಾಖಾನೆ ಹೇಗಿರುತ್ತದೆ ಎಂದು ಗೊತ್ತಿತ್ತು. ರಿಜಿಸ್ಟರು ಮೇಜಿನ ಮೇಲೆ ಬಿದ್ದಿರುತ್ತದೆ, ಮಾವಶಿ ಒರೆಸಲು ಬರುತ್ತಾಳೆ, ಔಷಧ ಕಂಪನಿಯ ಹುಡುಗ ಬರುತ್ತಾನೆ, ರೋಗಿಯ ಓಣಿಯವರೇ ಯಾರೋ ನೋಡಲು ಬರುತ್ತಾರೆ ಎಂಬ ಅರಿವಿನಿಂದ ಹುಟ್ಟಿದ ನಿಯಮ ಅದು. 2021ರ ತಿದ್ದುಪಡಿ ಇದಕ್ಕೆ ಹಲ್ಲು ಕೊಟ್ಟಿತು. ಗರ್ಭಪಾತ ಮಾಡಿಸಿಕೊಂಡ ಹೆಂಗಸಿನ ಹೆಸರು, ವಿವರವನ್ನು ಕಾನೂನು ಅಧಿಕಾರ ಕೊಟ್ಟವರ ಹೊರತು ಬೇರೆ ಯಾರಿಗೆ ತಿಳಿಸಿದರೂ ಒಂದು ವರ್ಷದವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಯಿತು. ಹದಿನೆಂಟು ತುಂಬದ ಹುಡುಗಿಯ ವಿಷಯದಲ್ಲಿ ವೈದ್ಯರು ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ಮಾಹಿತಿ ಕೊಡಲೇಬೇಕು, ಆದರೆ ಹುಡುಗಿ ಮತ್ತು ಪೋಷಕರು ಕೋರಿದರೆ ಆ ಮಾಹಿತಿಯಲ್ಲಿ ಅವಳ ಹೆಸರು, ಗುರುತು ಹೇಳಬೇಕಿಲ್ಲ ಎಂದಿತು.

ಈಗ ಒಂದು ಸಾಧಾರಣ ನರ್ಸಿಂಗ್ ಹೋಮಿನ ಸಾಫ್ಟ್‌ವೇರ್ ತೆರೆಯಿರಿ. ಮೊದಲ ಪರದೆಯಲ್ಲೇ ಇಂದಿನ ರೋಗಿಗಳ ಪಟ್ಟಿ: ಹೆಸರು, ವಯಸ್ಸು, ಊರು, ಮೊಬೈಲ್, ಕಾಯಿಲೆ, ಬಾಕಿ ಹಣ. ಇಂಥ ಸಾಫ್ಟ್‌ವೇರ್ ಹೆಚ್ಚಾಗಿ ಬಿಲ್ಲಿನ ಲೆಕ್ಕಕ್ಕೆಂದು ಹುಟ್ಟಿ, ಆಮೇಲೆ ವೈದ್ಯಕೀಯ ವಿವರಗಳನ್ನು ಸೇರಿಸಿಕೊಂಡದ್ದು. ಬಿಲ್ಲಿಗೆ ಹೆಸರು ಬೇಕು, ಚಿಕಿತ್ಸೆಯ ಹೆಸರೂ ಬೇಕು. ಹಾಗಾಗಿ ಲಕೋಟೆಯೊಳಗೆ ಇರಬೇಕಾದ ಎರಡೂ ಸಂಗತಿ ಒಂದೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತಿರುತ್ತವೆ. ಅದನ್ನು ಔಷಧ ಕೊಡುವ ಹುಡುಗನೂ ನೋಡಬಹುದು, ಲ್ಯಾಬಿನವನೂ ನೋಡಬಹುದು, ಲೆಕ್ಕ ಬರೆಯಲು ತಿಂಗಳಿಗೊಮ್ಮೆ ಬರುವವನೂ ನೋಡಬಹುದು.

ಇದಕ್ಕೆ ಪರಿಹಾರ ಇಲ್ಲವೆಂದಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ಹೊರಡಿಸಿ 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ಆರೋಗ್ಯ ದಾಖಲೆಗಳ ಮಾನದಂಡಗಳು ಇದನ್ನೆಲ್ಲ ಯೋಚಿಸಿವೆ. ದಾಖಲೆಯೊಳಗಿನ ಮಾಹಿತಿ ರೋಗಿಯದು, ಆಸ್ಪತ್ರೆ ಅದನ್ನು ಆತನ ಪರವಾಗಿ ಇಟ್ಟುಕೊಂಡಿರುವುದಷ್ಟೇ ಎನ್ನುತ್ತವೆ. ಯಾರ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅವರಿಗೆ ಕಾಣಬೇಕು, ಯಾರು ಯಾವಾಗ ಏನನ್ನು ತೆರೆದರು, ತಿದ್ದಿದರು ಎಂಬ ಜಾಡು ಅಳಿಸಲಾಗದಂತೆ ಉಳಿಯಬೇಕು. ಆದರೆ ಮಾನದಂಡ ಎಂಬುದು ಕಾಯ್ದೆಯಲ್ಲ. ಅದಕ್ಕೊಂದು ಕಾಯ್ದೆಯ ಬಲ ಕೊಡಲೆಂದು 2018ರಲ್ಲಿ ಆರೋಗ್ಯ ಸಚಿವಾಲಯ 'ದಿಶಾ' ಎಂಬ ಕರಡು ಮಸೂದೆ ಪ್ರಕಟಿಸಿತು. ಅದು ಕಾಯ್ದೆಯಾಗಲೇ ಇಲ್ಲ.

ಜಾಡಿನ ಮಾತು ಬಂತು, ಅದರ ಬಗ್ಗೆ ಇನ್ನಷ್ಟು ಹೇಳಬೇಕು. ಜಾಡು ಉಳಿಯಬೇಕಾದರೆ ಪ್ರತಿಯೊಬ್ಬರಿಗೂ ಅವರವರದ್ದೇ ಲಾಗಿನ್ ಇರಬೇಕು. ಬೆಳಗ್ಗೆ ಡಾಕ್ಟರ ಹೆಸರಿನಲ್ಲಿ ತೆರೆದ ಕಂಪ್ಯೂಟರು ರಾತ್ರಿವರೆಗೂ ಅದೇ ಹೆಸರಿನಲ್ಲಿ ನಡೆಯುವುದು, ಪಾಸ್‌ವರ್ಡನ್ನು ಮಾನಿಟರಿನ ಅಂಚಿಗೆ ಚೀಟಿಯಲ್ಲಿ ಅಂಟಿಸಿರುವುದು ದೊಡ್ಡ ಊರುಗಳ ದೊಡ್ಡ ಆಸ್ಪತ್ರೆಗಳಲ್ಲೂ ಕಾಣುವ ನೋಟ. ಮೂವರು ಮಾಡುವ ಕೆಲಸವನ್ನು ಒಬ್ಬ ಸಿಸ್ಟರ್ ಮಾಡುತ್ತಿರುವಾಗ, ಸಲಾಯಿನ್ ಹಚ್ಚಿ ಬಂದು ಒಂದು ಸಾಲು ಬರೆಯಲು ಮತ್ತೆ ಲಾಗಿನ್ ಆಗು ಎಂದರೆ ಆಕೆಗೆ ಸಿಟ್ಟು ಬರುವುದು ಸಹಜ. ಆಕೆಯನ್ನು ಬೈಯುವುದರಿಂದ ಪ್ರಯೋಜನವಿಲ್ಲ. ಬೆರಳಿಟ್ಟರೆ, ಕಾರ್ಡು ತಾಗಿಸಿದರೆ ಕ್ಷಣದಲ್ಲಿ ತೆರೆಯುವ, ಎದ್ದು ಹೋದರೆ ತಾನೇ ಮುಚ್ಚಿಕೊಳ್ಳುವ ಏರ್ಪಾಡು ಮಾಡಿಕೊಡಬೇಕಾದ್ದು ಆಸ್ಪತ್ರೆ ನಡೆಸುವವರ ಹೊಣೆ. ಒಂದೇ ಲಾಗಿನ್ನಿನಲ್ಲಿ ಹತ್ತು ಮಂದಿ ಕೆಲಸ ಮಾಡುವ ಕಡೆ, ನಾಳೆ ಒಬ್ಬ ಹುಡುಗಿಯ ಗುಟ್ಟು ಊರಿಗೆ ಹಬ್ಬಿದರೆ, ದಾಖಲೆ ತೋರಿಸುವುದು ಡಾಕ್ಟರ ಹೆಸರನ್ನೇ.

ಗಡಿಯ ಎರಡನೆಯ ಮುಖ

ದೂರ ಗುಟ್ಟನ್ನು ಕಾಪಾಡುತ್ತದೆ ಎಂದೆ. ಅದು ಅಪರಾಧವನ್ನೂ ಕಾಪಾಡುತ್ತದೆ ಎಂಬುದು ಈ ಭಾಗಕ್ಕೆ ಚೆನ್ನಾಗಿ ಗೊತ್ತು. 2017ರ ಮಾರ್ಚ್‌ನಲ್ಲಿ ಕಾಗವಾಡದ ಮಗ್ಗುಲಿಗೇ ಇರುವ, ಸಾಂಗಲಿ ಜಿಲ್ಲೆಯ ಮ್ಹೈಸಾಳದಲ್ಲಿ ಹಳ್ಳದ ಬಳಿ ಹೂತಿದ್ದ 19 ಭ್ರೂಣಗಳು ಸಿಕ್ಕವು. ಗರ್ಭಪಾತ ಮಾಡಿಸಿಕೊಂಡ ಹೆಂಗಸೊಬ್ಬಳು ಸತ್ತದ್ದರಿಂದ ಶುರುವಾದ ತನಿಖೆ ಅದು. ಅದರ ಎಳೆ ಗಡಿ ದಾಟಿ ಕಾಗವಾಡಕ್ಕೂ ವಿಜಯಪುರಕ್ಕೂ ಬಂತು. ಸೋನೋಗ್ರಾಫಿ ಒಂದು ರಾಜ್ಯದಲ್ಲಿ, ಗರ್ಭ ತೆಗೆಯುವುದು ಇನ್ನೊಂದು ರಾಜ್ಯದಲ್ಲಿ. ಎರಡೂ ಕಡೆಯ ಅಧಿಕಾರಿಗಳಿಗೆ ಅರ್ಧರ್ಧ ಕಡತ.

ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆ 1994ರದ್ದು. ಪ್ರತಿ ಬಸುರಿಯ ಸೋನೋಗ್ರಾಫಿಗೂ ಫಾರ್ಮ್ ಎಫ್ ತುಂಬಬೇಕು, ಪ್ರತಿ ತಿಂಗಳ 5ರೊಳಗೆ ಹಿಂದಿನ ತಿಂಗಳ ವರದಿ ಅಧಿಕಾರಿಗೆ ಹೋಗಬೇಕು, ದಾಖಲೆಗಳನ್ನು ಎರಡು ವರ್ಷ ಕಾಯ್ದಿಡಬೇಕು. ಫಾರ್ಮ್ ತುಂಬದೇ ಇರುವುದು ಬರೀ ಗುಮಾಸ್ತಿಕೆಯ ತಪ್ಪು, ಅದಕ್ಕೆ ಶಿಕ್ಷೆ ಬೇಡ ಎಂದು ಪ್ರಸೂತಿ ತಜ್ಞರ ಒಕ್ಕೂಟ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2019ರ ಮೇ 3ರಂದು ಕೋರ್ಟ್ ಆ ವಾದವನ್ನು ಒಪ್ಪಲಿಲ್ಲ. ದಾಖಲೆಯೇ ಆ ಕಾಯ್ದೆಯ ಬೆನ್ನೆಲುಬು ಎಂಬುದು ಅದರ ನಿಲುವು. ನನಗೆ ಆ ತೀರ್ಪು ಸರಿಯೆನಿಸುತ್ತದೆ, ಮ್ಹೈಸಾಳ ನೋಡಿದ ಯಾರಿಗೂ ಹಾಗೆ ಅನ್ನಿಸಬೇಕು.

ಇಲ್ಲಿ ಸಾಫ್ಟ್‌ವೇರ್ ಮಾಡುವವರಿಗೆ ನಿಜವಾದ ಪರೀಕ್ಷೆ ಇದೆ. ಅದೇ ಹೆಂಗಸು, ಅದೇ ಗರ್ಭ. ಒಂದು ಕಾಯ್ದೆ ಆಕೆಯ ಹೆಸರನ್ನು ಲಕೋಟೆಯೊಳಗಿಟ್ಟು ಮುದ್ರೆ ಹಾಕು ಎನ್ನುತ್ತದೆ. ಇನ್ನೊಂದು ಕಾಯ್ದೆ ಆಕೆಯ ಸೋನೋಗ್ರಾಫಿಯ ಪೂರ್ತಿ ವಿವರವನ್ನು ಅಧಿಕಾರಿಗೆ ತೆರೆದಿಡು ಎನ್ನುತ್ತದೆ. ಇವು ಪರಸ್ಪರ ವಿರುದ್ಧವಲ್ಲ. ಓಣಿಯವರಿಗೆ ಮುಚ್ಚಿರಬೇಕು, ಕಾನೂನಿಗೆ ತೆರೆದಿರಬೇಕು, ಕಾನೂನಿನ ಹೆಸರಲ್ಲಿ ಯಾರು ತೆರೆದರು ಎಂಬುದೂ ಬರೆದಿರಬೇಕು. ನಮ್ಮಲ್ಲಿ ಬಹಳ ಕಡೆ ಇದು ತಿರುವುಮುರುವಾಗಿದೆ. ಅಧಿಕಾರಿ ಕೇಳಿದರೆ ರಿಜಿಸ್ಟರು ಸಿಗುವುದಿಲ್ಲ, ಓಣಿಯವರು ಕೇಳಿದರೆ ಎಲ್ಲ ಗೊತ್ತಾಗುತ್ತದೆ.

ಎಚ್‌ಐವಿಯ ವಿಷಯದಲ್ಲಿ ಈ ಜಿಲ್ಲೆ ಬಹಳ ನೋವು ಉಂಡಿದೆ. 2000ದ ದಶಕದ ಆರಂಭದಲ್ಲಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳು ಸೋಂಕು ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿದ್ದವು. ಅಥಣಿ, ರಾಯಬಾಗದ ಹಳ್ಳಿಗಳಲ್ಲಿ ದೇವದಾಸಿ ಪದ್ಧತಿಗೆ ಸಿಕ್ಕ ಹೆಣ್ಣುಮಕ್ಕಳು, ಸಾಂಗಲಿ, ಮಿರಜ, ಪುಣೆ, ಮುಂಬಯಿಗೆ ದುಡಿಯಲು ಹೋದವರು, ಅವರ ಹೆಂಡಂದಿರು, ಮಕ್ಕಳು ಸೋಂಕಿಗೆ ಸಿಕ್ಕರು. ಗುಳಿಗೆ ಉಚಿತವಾಗಿ ಸಿಗುವಂತಾದ ಮೇಲೂ ತಮ್ಮ ತಾಲ್ಲೂಕಿನ ಕೇಂದ್ರ ಬಿಟ್ಟು ದೂರದ ಕೇಂದ್ರದಲ್ಲಿ ಹೆಸರು ಹಚ್ಚಿದವರಿದ್ದಾರೆ. ತಿಂಗಳ ಗುಳಿಗೆಗೆ ಒಂದು ದಿನದ ಕೂಲಿ, ಬಸ್ ಚಾರ್ಜು ಹೋಗಲಿ, ಪರಿಚಯದ ಮುಖ ಎದುರಾಗದಿರಲಿ ಎಂಬ ಲೆಕ್ಕ. ಗುಟ್ಟಿಗೆ ಬಡವರು ತೆರುವ ಬೆಲೆ ಇದು, ತಿಂಗಳು ತಿಂಗಳೂ ತೆರುತ್ತಾರೆ. 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ರೋಗಿಯ ಸ್ಥಿತಿಯನ್ನು ಆತನ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದು ಎನ್ನುವುದಲ್ಲದೆ, ಅಂಥ ದಾಖಲೆ ಇಟ್ಟುಕೊಂಡ ಪ್ರತಿ ಸಂಸ್ಥೆಯೂ ದತ್ತಾಂಶ ರಕ್ಷಣೆಯ ಕ್ರಮ ಕೈಗೊಳ್ಳಲೇಬೇಕು ಎಂದೂ ಹೇಳುತ್ತದೆ. ದತ್ತಾಂಶ ಕಾಯ್ದೆಗಳ ಮಾತು ದೊಡ್ಡದಾಗುವುದಕ್ಕೆ ಮುಂಚೆಯೇ ಬಂದ ಮಾತು ಅದು.

ಕೋವಿಡ್ ಕಾಲದಲ್ಲಿ ಈ ಎಲ್ಲ ಎಚ್ಚರ ಒಂದೇ ವಾರದಲ್ಲಿ ಗಾಳಿಗೆ ಹೋಯಿತು. 2020ರ ಮಾರ್ಚ್‌ನಲ್ಲಿ ರಾಜ್ಯ ಆರೋಗ್ಯ ಇಲಾಖೆ ಮನೆಯಲ್ಲೇ ಪ್ರತ್ಯೇಕವಾಗಿದ್ದವರ ಪಟ್ಟಿಯನ್ನು ಮನೆ ವಿಳಾಸ ಸಮೇತ ಜಿಲ್ಲಾವಾರು ಅಂತರಜಾಲದಲ್ಲಿ ಹಾಕಿತು. ಅದು ನೋಡನೋಡುತ್ತ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಯಿತು. ಏಪ್ರಿಲ್‌ನಲ್ಲಿ ರಾಯಬಾಗ ತಾಲ್ಲೂಕಿನ ಕುಡಚಿಯಲ್ಲಿ ಸೋಂಕು ಕಂಡಾಗ ದಿನದ ಬುಲೆಟಿನ್‌ನಲ್ಲಿ ಹೆಸರಿರಲಿಲ್ಲ, ರೋಗಿ ಸಂಖ್ಯೆ ಮಾತ್ರ ಇತ್ತು. ಪಕ್ಕದಲ್ಲೇ ವಯಸ್ಸು, ಗಂಡೋ ಹೆಣ್ಣೋ, ಊರು, ಇಂಥ ಸಂಖ್ಯೆಯ ರೋಗಿಯ ಸಂಪರ್ಕ ಎಂಬ ವಿವರ. ಬೆಂಗಳೂರಿನಲ್ಲಿ ಕುಳಿತು ಓದಿದವರಿಗೆ ಅದು ಹೆಸರಿಲ್ಲದ ಪಟ್ಟಿ. ಕುಡಚಿಯಲ್ಲಿ ಓದಿದವರಿಗೆ ಅದರಲ್ಲಿ ಮನೆಗಳೇ ಕಾಣುತ್ತಿದ್ದವು. ಹೆಸರು ತೆಗೆದರೆ ಗುರುತು ಅಳಿಯಿತು ಎಂದು ನಂಬುವ ತಂತ್ರಜ್ಞರು ಸಣ್ಣ ಊರಿನಲ್ಲಿ ಒಂದು ತಿಂಗಳು ಇದ್ದು ನೋಡಬೇಕು. ಆರೋಗ್ಯ ಸೇತು ಆ್ಯಪಿನಲ್ಲಿ ಜನ ಕೊಟ್ಟ ಆರೋಗ್ಯ ಮಾಹಿತಿಯನ್ನು ಅವರ ತಿಳಿವಳಿಕೆಯ ಒಪ್ಪಿಗೆಯಿಲ್ಲದೆ ಹಂಚಬಾರದು ಎಂದು ಕರ್ನಾಟಕ ಹೈಕೋರ್ಟ್ 2021ರ ಜನವರಿ 25ರಂದು ಮಧ್ಯಂತರ ಆದೇಶ ಕೊಟ್ಟದ್ದು ಆ ಗದ್ದಲದ ನಡುವೆ ಬಂದ ಒಂದು ನೆಮ್ಮದಿಯ ಮಾತು.

ಎಕ್ಸ್‌ರೇ, ಸಿಟಿ, ಎಂಆರ್‌ಐ ಚಿತ್ರಗಳದ್ದು ಇನ್ನೊಂದು ಕಥೆ. ಜರ್ಮನಿಯ ಗ್ರೀನ್‌ಬೋನ್ ಎಂಬ ಸಂಸ್ಥೆ ಜಗತ್ತಿನ ಎಷ್ಟು ಆಸ್ಪತ್ರೆಗಳ ಚಿತ್ರ ಸರ್ವರುಗಳು ಪಾಸ್‌ವರ್ಡಿಲ್ಲದೆ ಅಂತರಜಾಲಕ್ಕೆ ತೆರೆದಿವೆ ಎಂದು ಹುಡುಕಿ 2020ರ ಆರಂಭದಲ್ಲಿ ವರದಿ ಕೊಟ್ಟಿತು. ಭಾರತದ 12 ಕೋಟಿಗೂ ಹೆಚ್ಚು ಚಿತ್ರಗಳು ಹಾಗೆ ಬಯಲಲ್ಲಿದ್ದವು. ರಾಜ್ಯಗಳ ಪೈಕಿ ಮಹಾರಾಷ್ಟ್ರ ಮೊದಲು, ಕರ್ನಾಟಕ ಎರಡನೆಯದು. ಗಡಿಯ ಆಚೆಗೂ ಈಚೆಗೂ ಓಡಾಡುವ ನಮ್ಮ ರೋಗಿಗಳಿಗೆ ಇದಕ್ಕಿಂತ ನೇರವಾಗಿ ತಟ್ಟುವ ಅಂಕಿ ಇರಲಾರದು. ಎಲುಬಿನ ಚಿತ್ರದಲ್ಲೇನು ಗುಟ್ಟು ಎಂದುಕೊಳ್ಳಬಾರದು. ಆ ಕಡತದೊಳಗೆ ಹೆಸರು, ಹುಟ್ಟಿದ ದಿನಾಂಕ, ಆಸ್ಪತ್ರೆ, ಡಾಕ್ಟರು, ಯಾವ ಸಂಶಯಕ್ಕೆ ತೆಗೆಸಿದ್ದು ಎಂಬುದೆಲ್ಲ ಅಡಕವಾಗಿರುತ್ತದೆ. ಇದು ಯಾರೋ ಬೀಗ ಒಡೆದದ್ದಲ್ಲ, ಬೀಗವನ್ನೇ ಹಾಕಿರಲಿಲ್ಲ. ಬೀಗ ಒಡೆದರೆ ಏನಾಗುತ್ತದೆ ಎಂಬುದನ್ನು 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಅನುಭವಿಸಿತು. ರಾನ್ಸಮ್‌ವೇರ್ ದಾಳಿಗೆ ಐದು ಸರ್ವರ್ ಸಿಕ್ಕಿ, ದೇಶದ ಅತಿ ದೊಡ್ಡ ಆಸ್ಪತ್ರೆಗಳಲ್ಲೊಂದು ದಿನಗಟ್ಟಲೆ ಪೆನ್ನು ಕಾಗದ ಹಿಡಿದು ಕೆಲಸ ಮಾಡಿತು.

ಕಾಯ್ದೆ ಬಂದಿದೆ, ಆದರೆ

ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತೊಂಬತ್ತು ದಾಟಿದ ವಯಸ್ಸಿನಲ್ಲಿ ಗೆದ್ದ ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅವರ ಹೆಸರು ಈ ದೇಶದ ಕಾನೂನಿನಲ್ಲಿ ಬಹುಕಾಲ ಉಳಿಯುತ್ತದೆ. ಆ ತೀರ್ಪಿನ ಬೆನ್ನಿಗೆ ಬಂದದ್ದು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023. ಅದರ ನಿಯಮಗಳು ಹೊರಬಂದದ್ದು 2025ರ ನವೆಂಬರ್‌ನಲ್ಲಿ. ಆಸ್ಪತ್ರೆಗಳಿಗೆ ತಟ್ಟುವ ಮುಖ್ಯ ಭಾಗಗಳು 18 ತಿಂಗಳ ಬಳಿಕ, ಅಂದರೆ 2027ರ ಮೇ ಹೊತ್ತಿಗೆ ಜಾರಿಗೆ ಬರಬೇಕು.

ಕಾಯ್ದೆಯಲ್ಲಿ ಬಲವಿದೆ. ದತ್ತಾಂಶಕ್ಕೆ ತಕ್ಕ ರಕ್ಷಣೆ ಕೊಡದಿದ್ದರೆ ₹250 ಕೋಟಿವರೆಗೆ ದಂಡ, ಸೋರಿದ್ದನ್ನು ತಿಳಿಸದಿದ್ದರೆ ₹200 ಕೋಟಿವರೆಗೆ. ಸೋರಿಕೆಯಾದರೆ ರೋಗಿಗೂ ಹೇಳಬೇಕು, ದತ್ತಾಂಶ ಸಂರಕ್ಷಣಾ ಮಂಡಳಿಗೂ ಹೇಳಬೇಕು. ಗೂಢಲಿಪಿ, ಪ್ರವೇಶ ನಿಯಂತ್ರಣ, ಬ್ಯಾಕಪ್ ಇರಬೇಕು, ಯಾರು ತೆರೆದರು ಎಂಬ ಜಾಡನ್ನು ಕನಿಷ್ಠ ಒಂದು ವರ್ಷ ಉಳಿಸಬೇಕು. ಸಾಫ್ಟ್‌ವೇರ್ ಕೊಟ್ಟವರು ಕೊಲ್ಲಾಪುರದವರಿರಲಿ, ಹುಬ್ಬಳ್ಳಿಯವರಿರಲಿ, ಅವರ ಕೈಯಲ್ಲಿ ಆದ ತಪ್ಪಿಗೂ ಹೊಣೆ ಆಸ್ಪತ್ರೆಯದೇ. ಈ ಕೊನೆಯ ಮಾತು ನಮ್ಮ ನರ್ಸಿಂಗ್ ಹೋಮಿನವರ ಕಿವಿಗೆ ಇನ್ನೂ ಸರಿಯಾಗಿ ಬಿದ್ದಂತಿಲ್ಲ. "ಅದನ್ನೆಲ್ಲ ಸಾಫ್ಟ್‌ವೇರಿನಾವ ನೋಡ್ಕೋತಾನ" ಎಂಬ ಉತ್ತರ ಇನ್ನು ನಡೆಯುವುದಿಲ್ಲ. ಆತ ರಿಪೇರಿಗೆಂದು ದೂರದಿಂದಲೇ ಕಂಪ್ಯೂಟರಿನೊಳಗೆ ಬಂದು, ಇಡೀ ರೋಗಿಗಳ ಪಟ್ಟಿಯನ್ನು ತನ್ನ ಲ್ಯಾಪ್‌ಟಾಪಿಗೆ ಇಳಿಸಿಕೊಂಡು ಹೋಗಬಾರದು ಎಂದು ಕರಾರಿನಲ್ಲಿ ಬರೆಸಿಕೊಳ್ಳುವವರು ಬೇಕು.

ಭಾಷೆಯ ಮಾತೂ ಇದೆ, ಗಡಿಯಲ್ಲಿ ಅದು ಸಣ್ಣ ಮಾತಲ್ಲ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಇರಬೇಕು ಎನ್ನುತ್ತದೆ ಕಾಯ್ದೆ. ನಿಪ್ಪಾಣಿಯ ಬೀಡಿ ಕಟ್ಟುವ ಅಕ್ಕನಿಗೆ ಮರಾಠಿಯಲ್ಲಿ, ಮಿರಜದ ಆಸ್ಪತ್ರೆಗೆ ಹೋದ ಅಥಣಿಯ ಅಜ್ಜನಿಗೆ ಕನ್ನಡದಲ್ಲಿ ಅದು ಸಿಗಬೇಕು. ಎರಡೂ ಅವರ ಹಕ್ಕು. 2024ರ ಆರಂಭದಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಜ್ಯೋತಿರಾವ್ ಫುಲೆ ಆರೋಗ್ಯ ಯೋಜನೆಯನ್ನು ಕರ್ನಾಟಕದ 865 ಗಡಿ ಹಳ್ಳಿಗಳಿಗೆ ವಿಸ್ತರಿಸಲು ಹೊರಟಾಗ ನಮ್ಮಲ್ಲಿ ದೊಡ್ಡ ಗದ್ದಲವಾಯಿತು. ಎದ್ದದ್ದು ಗಡಿಯ ಪ್ರಶ್ನೆ, ಅದು ಏಳಬೇಕಾದ್ದೇ. ನನಗೆ ಅದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಮುಖ್ಯವೆನಿಸಿತು: ಇಲ್ಲಿಯ ರೋಗಿ ತನ್ನ ಆಧಾರ್, ಪಡಿತರ ಚೀಟಿ, ರೋಗದ ವಿವರವನ್ನು ಇನ್ನೊಂದು ರಾಜ್ಯದ ಯೋಜನೆಗೆ ಕೊಟ್ಟರೆ ಅದು ಎಲ್ಲಿ ಉಳಿಯುತ್ತದೆ, ತಪ್ಪಾದರೆ ಆತ ಯಾರ ಬಾಗಿಲು ಬಡಿಯಬೇಕು?

ಕಾಯ್ದೆಯ ಕೊರತೆಗಳನ್ನೂ ಹೇಳಲೇಬೇಕು. ಆರೋಗ್ಯದ ಮಾಹಿತಿ ಹೆಚ್ಚು ಸೂಕ್ಷ್ಮವಾದದ್ದು ಎಂಬ ಪ್ರತ್ಯೇಕ ವರ್ಗವೇ ಅದರಲ್ಲಿಲ್ಲ. 2011ರ ಮಾಹಿತಿ ತಂತ್ರಜ್ಞಾನ ನಿಯಮಗಳಲ್ಲಿ ಅದಿತ್ತು. ಹಳೆಯ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ಎ ಕಲಮಿನಡಿ ನೊಂದವರು ಪರಿಹಾರ ಕೇಳಬಹುದು, ಹೊಸ ಕಾಯ್ದೆ ಪೂರ್ತಿ ಜಾರಿಯಾದಾಗ ಆ ಕಲಮು ಹೋಗುತ್ತದೆ. ವಸೂಲಾದ ದಂಡ ಸೇರುವುದು ಭಾರತದ ಸಂಚಿತ ನಿಧಿಗೆ. ಗುಟ್ಟು ಬಯಲಾಗಿ ಮದುವೆ ಮುರಿದ ಹುಡುಗಿಗೆ, ಕೆಲಸ ಹೋದ ಗಂಡಸಿಗೆ ಅದರಿಂದ ಒಂದು ರೂಪಾಯಿಯೂ ಸಿಗದು.

ನಮ್ಮ ಊರುಗಳ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಕೊರತೆ ಬೇರೆ. ತನ್ನ ಮಾಹಿತಿಯನ್ನು ಯಾವ ಯಾವ ಬೇರೆ ಸಂಸ್ಥೆಗಳಿಗೆ ಕೊಟ್ಟಿದ್ದೀರಿ ಎಂದು ಕೇಳುವ ಹಕ್ಕನ್ನು ಕಾಯ್ದೆ ರೋಗಿಗೆ ಕೊಡುತ್ತದೆ. ಅದೇ ಆಸ್ಪತ್ರೆಯೊಳಗೆ ತನ್ನ ಕಡತವನ್ನು ಯಾರು ತೆರೆದು ನೋಡಿದರು ಎಂದು ಕೇಳುವ ಹಕ್ಕಿನ ಮಾತು ಅದರಲ್ಲಿಲ್ಲ. ಜಾಡು ಉಳಿಯುತ್ತದೆ, ಆದರೆ ಅದನ್ನು ನೋಡುವವರು ಆಸ್ಪತ್ರೆಯವರು, ತನಿಖೆ ಮಾಡುವವರು. ಚಿಕ್ಕೋಡಿಯ ಹೆಂಗಸಿಗೆ ಭಯವಿರುವುದು ಬೇರೆ ದೇಶದ ಕಳ್ಳರ ಬಗ್ಗೆ ಅಲ್ಲ. ಲ್ಯಾಬಿನಲ್ಲಿ ಕೆಲಸ ಮಾಡುವ ಮೈದುನನ ಗೆಳೆಯನ ಬಗ್ಗೆ. ಅವಳಿಗೆ ಬೇಕಾದದ್ದು ಕಡತ ತೆರೆದವರು ಯಾರೆಂದು ಕೇಳುವ ಈ ಹಕ್ಕೊಂದೇ.

ಇದು ಆಗದ ಮಾತೇನಲ್ಲ. ಎಸ್ಟೋನಿಯಾ ಎಂಬ ಪುಟ್ಟ ದೇಶ 2008ರಿಂದ ತನ್ನ ಜನರ ಆರೋಗ್ಯ ದಾಖಲೆಯನ್ನು ಒಂದೇ ಜಾಲದಲ್ಲಿ ಜೋಡಿಸಿದೆ. ಅಲ್ಲಿಯ ರೋಗಿ ತನ್ನ ಖಾತೆ ತೆರೆದು, ತನ್ನ ಕಡತವನ್ನು ಯಾರು, ಎಂದು ನೋಡಿದರು ಎಂಬುದನ್ನು ತಾನೇ ಓದಬಹುದು. ನಮ್ಮಲ್ಲಿ ಅದಕ್ಕೆ ಪೋರ್ಟಲೂ ಬೇಕಿಲ್ಲ. ರೋಗಿ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ನಿಯಮ ಹೇಳುತ್ತ ಬಂದಿದೆ. ಡಿಸ್ಚಾರ್ಜ್ ಚೀಟಿಯ ಜೊತೆ ಇನ್ನೊಂದು ಹಾಳೆ ಮುದ್ರಿಸಿ ಕೊಡಲಿ: ನಿಮ್ಮ ಕಡತವನ್ನು ಇಂಥಿಂಥ ದಿನ ಇಂಥಿಂಥವರು ತೆರೆದರು. ಕನ್ನಡದಲ್ಲಿ ಕೊಡಲಿ, ಬೇಕೆಂದವರಿಗೆ ಮರಾಠಿಯಲ್ಲಿ ಕೊಡಲಿ, ಓದು ಬಾರದವರಿಗೆ ಆಶಾ ಕಾರ್ಯಕರ್ತೆಯರು ಓದಿ ಹೇಳಲಿ. ಆ ಕೆಲಸಕ್ಕೆ ಅವರಿಗೆ ಸಂಬಳವನ್ನೂ ಕೊಡಲಿ, ಈಗಾಗಲೇ ತಾಯಿ-ಮಗುವಿನ ಆರೋಗ್ಯ ದಾಖಲಿಸುವ ಆರ್‌ಸಿಎಚ್ ಪೋರ್ಟಲಿಗೆ ಗಂಟು ಹಾಕಿದ ಪ್ರೋತ್ಸಾಹಧನದ ವಿರುದ್ಧ ಅವರು 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಧರಣಿ ಕುಳಿತು ಬಂದಿದ್ದಾರೆ. ಹತ್ತು ಮಂದಿ ಒಂದೇ ಲಾಗಿನ್ ಬಳಸುವ ಆಸ್ಪತ್ರೆಗೆ ಆ ಹಾಳೆಯನ್ನು ಮುದ್ರಿಸಲು ಆಗುವುದಿಲ್ಲ. ಹಾಗಾಗಿ ಬೇರೆ ಬೇರೆ ಲಾಗಿನ್ ಮಾಡಿಕೊಡುವುದು ಮೊದಲ ಕೆಲಸ. ಅದಕ್ಕೆ 2027ರ ಮೇ ತನಕ ಕಾಯಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ.